ಅಂಕಿಗೆಲ್ಲ ಒಂದೇ ಅಚ್ಚು ಬೇಕು, ವರದಿ ಬಾರದ ಮಳೆಗೆ ಸೊನ್ನೆ ಬೇಡ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಬೆಳಗಾಗುವುದೇ ಅಂಕಿಗಳಿಂದ. ಲಿಂಗನಮಕ್ಕಿ ಎಷ್ಟು ಅಡಿ, ಭದ್ರಾ ಎಷ್ಟು ಅಡಿ, ಆಗುಂಬೆಯಲ್ಲಿ ರಾತ್ರಿ ಎಷ್ಟು ಸುರಿಯಿತು, ಮಂಡಿಯಲ್ಲಿ ರಾಶಿ ಅಡಿಕೆಗೆ ಏನು ಧಾರಣೆ. ಮೊದಲು ಇವೆಲ್ಲ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಪಟ್ಟಿಯಾಗಿ ಬರುತ್ತಿದ್ದವು. ಈಗ ಕಚೇರಿ, ಸಹಕಾರ ಸಂಘ, ಪಂಚಾಯಿತಿ, ಪತ್ರಿಕೆ ಎಲ್ಲರೂ ಈ ಅಂಕಿಗಳನ್ನು ಒಂದೇ ಪುಟದಲ್ಲಿ ಚಿತ್ರವಾಗಿ ತೋರಿಸುವ ಬಣ್ಣದ ಡ್ಯಾಶ್‌ಬೋರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಿದ್ದಾರೆ. ಅದು ಒಳ್ಳೆಯ ಬೆಳವಣಿಗೆ. ತೊಂದರೆ ಇರುವುದು ಬೇರೆ ಕಡೆ. ಒಂದು ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಂದರೆ ಭಾರಿ ಮಳೆ, ಇನ್ನೊಂದರಲ್ಲಿ ಕೆಂಪು ಎಂದರೆ ಮಳೆ ಕೊರತೆ, ಮತ್ತೊಂದರಲ್ಲಿ ಕೆಂಪು ಎಂದರೆ ಸುಮ್ಮನೆ ಭದ್ರಾವತಿ ತಾಲ್ಲೂಕು. ಒಂದು ಕಡೆ ಅಡಿ, ಒಂದು ಕಡೆ ಮೀಟರ್. ಈ ತಿಂಗಳಿನದನ್ನು ಹೋದ ತಿಂಗಳಿನದರ ಪಕ್ಕ ಇಟ್ಟರೆ ಅಳತೆಗೋಲೇ ಬದಲಾಗಿರುತ್ತದೆ.

ಡ್ಯಾಶ್‌ಬೋರ್ಡ್ ಕಟ್ಟುವ ಕೆಲಸದವರಾಗಿ ನಾವು ಹೇಳಬೇಕಾದ್ದು ಇಷ್ಟು: ಬಣ್ಣ, ಅಳತೆ, ಅಕ್ಷರ, ಖಾಲಿ ಅಂಕಿ, ದಿನಾಂಕ ಇವುಗಳ ಬಗ್ಗೆ ಒಂದು ಸಲ ಕೂತು ತೀರ್ಮಾನ ಮಾಡಿ, ಆ ತೀರ್ಮಾನಗಳನ್ನು ಒಂದು ಟೆಂಪ್ಲೇಟಿನಲ್ಲಿ ಕಟ್ಟಿಹಾಕಬೇಕು. ಆಮೇಲೆ ಬರುವ ಪ್ರತಿಯೊಂದೂ ಅದೇ ಅಚ್ಚಿನಿಂದ ಇಳಿಯಬೇಕು. ಚಕ್ಕುಲಿ ಒರಳಿನಲ್ಲಿ ಬಿಲ್ಲೆ ಬದಲಾಯಿಸಿದಂತೆ ಒಳಗಿನ ದತ್ತಾಂಶ ಬದಲಾಗಲಿ, ಒರಳು ಬೇಡ.

ತೀರ್ಮಾನ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಅಣೆಕಟ್ಟೆಯ ಚಿತ್ರವನ್ನೇ ನೋಡಿ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಅದು ಸಮುದ್ರ ಮಟ್ಟದಿಂದ ಅಳೆದದ್ದು. ಭದ್ರಾದ 186 ಅಡಿ ಅಂಥದ್ದಲ್ಲ, ಅದು ಅಣೆಕಟ್ಟೆಯದೇ ಅಳತೆ. ಎರಡನ್ನೂ ಸೊನ್ನೆಯಿಂದ ಶುರುವಾಗುವ ಕಂಬಗಳಾಗಿ ಅಕ್ಕಪಕ್ಕ ನಿಲ್ಲಿಸಿದರೆ ಲಿಂಗನಮಕ್ಕಿ 1750 ಅಡಿಗೆ ಇಳಿದಾಗಲೂ ಕಂಬ ಶೇ 96 ತುಂಬಿದಂತೆ ಕಾಣುತ್ತದೆ. ನಿಜಕ್ಕೂ ಆಗ ಶರಾವತಿ ಹಿನ್ನೀರು ಎಷ್ಟೋ ದೂರ ಸರಿದು ನೆಲ ಬಿಟ್ಟಿರುತ್ತದೆ. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಒಂದು ಅಡಿಗಿಂತ ಬಹಳ ಹೆಚ್ಚು. ಅದಕ್ಕೇ ಟೆಂಪ್ಲೇಟಿನಲ್ಲಿ ಅಣೆಕಟ್ಟೆಯ ಕಂಬ ಯಾವಾಗಲೂ ಸಂಗ್ರಹದ ಶೇಕಡಾವಾರು ತೋರಿಸಬೇಕು. ಭದ್ರಾ ಆದರೆ ಒಟ್ಟು ಸಾಮರ್ಥ್ಯವಾದ 71.5 ಟಿಎಂಸಿಗೆ (ಶತಕೋಟಿ ಘನ ಅಡಿ) ಎಷ್ಟು ಎಂಬ ಲೆಕ್ಕ. ಅಡಿಯ ಅಂಕಿಯನ್ನು ಜನ ಕೇಳಿಯೇ ಕೇಳುತ್ತಾರೆ, ಅದನ್ನು ಕಂಬದ ಕೆಳಗೆ ಅಕ್ಷರದಲ್ಲಿ ಬರೆದರೆ ಸಾಕು: ಇಂದಿನ ಮಟ್ಟ, ಪೂರ್ಣ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ.

ಮಳೆಯ ಚಿತ್ರದ್ದು ಇದರ ತಮ್ಮನಂಥ ತಪ್ಪು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತದೆ. ಶಿಕಾರಿಪುರ ಅರೆಮಲೆನಾಡು, ಅಲ್ಲಿನ ಲೆಕ್ಕವೇ ಬೇರೆ. ಏಳು ತಾಲ್ಲೂಕಿಗೆ ಏಳು ಚಿಕ್ಕ ಚಿತ್ರ ಮಾಡಿ ಲಂಬ ಅಕ್ಷವನ್ನು ತಂತ್ರಾಂಶದ ಇಚ್ಛೆಗೆ ಬಿಟ್ಟರೆ ಪ್ರತಿ ಚಿತ್ರವೂ ತನ್ನ ಚೌಕಟ್ಟು ತುಂಬಿಸಿಕೊಂಡು ನಿಲ್ಲುತ್ತದೆ. ತೀರ್ಥಹಳ್ಳಿ, ಶಿಕಾರಿಪುರ ಎರಡರಲ್ಲೂ ಒಂದೇ ಮಳೆ ಬಿದ್ದಂತೆ ಕಾಣುತ್ತದೆ. ಏಳಕ್ಕೂ ಒಂದೇ ಅಕ್ಷ ಎಂದು ಟೆಂಪ್ಲೇಟಿನಲ್ಲೇ ಬೀಗ ಹಾಕಿಡಬೇಕು. ವಾಡಿಕೆಗೆ ಹೋಲಿಸಬೇಕಾದರೆ ಶೇಕಡಾವಾರು ವ್ಯತ್ಯಾಸದ ಬೇರೆ ಚಿತ್ರವೇ ಇರಲಿ. ಹವಾಮಾನ ಇಲಾಖೆ ಭಾರಿ ಮಳೆ ಎನ್ನುವುದು ದಿನಕ್ಕೆ 64.5 ಮಿ.ಮೀ.ನಿಂದ, ಅತಿ ಭಾರಿ 115.6ರಿಂದ, ಅತ್ಯಂತ ಭಾರಿ 204.5ರಿಂದ. ಈ ಮೂರು ಗೆರೆಗಳನ್ನು ದಿನದ ಮಳೆಯ ಚಿತ್ರದಲ್ಲಿ ಸಣ್ಣ ಬೂದು ಗೆರೆಯಾಗಿ ಮೊದಲೇ ಎಳೆದಿಟ್ಟರೆ ವರದಿಗಾರರು ಭಾರಿ ಎಂಬ ಪದವನ್ನು ಅಂದಾಜಿನ ಮೇಲೆ ಬಳಸಬೇಕಾಗುವುದಿಲ್ಲ. ಇನ್ನೊಂದು ಮಾತು: 15ನೇ ತಾರೀಕಿನ ಮಳೆ ಎಂದು ಪ್ರಕಟವಾಗುವುದು 14ರ ಬೆಳಗ್ಗೆ 8.30ರಿಂದ 15ರ ಬೆಳಗ್ಗೆ 8.30ರವರೆಗಿನದು. ಚಿತ್ರದ ಕೆಳಗೆ ಈ ಒಂದು ಸಾಲು ಖಾಯಂ ಆಗಿ ಇರಲೇಬೇಕು. ಇಲ್ಲದಿದ್ದರೆ ಒಬ್ಬರು ಅದನ್ನು 14ಕ್ಕೆ ಹಾಕುತ್ತಾರೆ, ಇನ್ನೊಬ್ಬರು 15ಕ್ಕೆ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರುತ್ತೇವೆ. ಖಾಲಿ ಅಂಕಿಗೆ ಸೊನ್ನೆ ಬೀಳುವುದು.

ಗಾಳಿಮಳೆ ಜೋರಾದ ರಾತ್ರಿ ಕರೆಂಟು ಹೋಗುತ್ತದೆ, ಟವರ್ ಕೈಕೊಡುತ್ತದೆ, ಮಳೆಮಾಪಕದಿಂದ ವರದಿ ಬರುವುದಿಲ್ಲ. ಅಂದರೆ ಅತಿ ಹೆಚ್ಚು ಮಳೆ ಬಿದ್ದ ದಿನವೇ ಅಂಕಿ ಖಾಲಿ ಇರುವ ಸಂಭವ ಹೆಚ್ಚು. ಎಕ್ಸೆಲ್‌ನಲ್ಲಿ ಖಾಲಿ ಕೋಶವನ್ನು ಸೂತ್ರದಿಂದ ಇನ್ನೊಂದು ಹಾಳೆಗೆ ಕರೆದರೆ ಅದು 0 ಆಗಿ ಬಂದು ಕೂರುತ್ತದೆ. ಇದನ್ನು ತಪ್ಪಿಸಲೆಂದು ಕೆಲವರು ಸೂತ್ರದಲ್ಲಿ ಎರಡು ಉದ್ಧರಣ ಚಿಹ್ನೆ ಹಾಕಿ ಖಾಲಿ ಪಠ್ಯ ಬರಿಸುತ್ತಾರೆ. ಕೋಶ ಖಾಲಿ ಕಂಡರೂ ಗೆರೆಚಿತ್ರ ಅದನ್ನು ಪಠ್ಯವೆಂದು ತಿಳಿದು ಮತ್ತೆ ಸೊನ್ನೆಗೇ ಗೆರೆ ಇಳಿಸುತ್ತದೆ. ಹೊಸನಗರದಲ್ಲಿ ಆ ದಿನ ಮಳೆಯೇ ಇಲ್ಲ ಎಂದು ಚಿತ್ರ ಹೇಳುತ್ತದೆ, ಊರಲ್ಲಿ ಸೇತುವೆ ಮುಳುಗಿರುತ್ತದೆ. ದಾರಿ ಇದು: ಮೂಲ ಕೋಶ ಖಾಲಿಯಾಗಿದ್ದರೆ ಸೂತ್ರ ಎನ್‌ಎ (#N/A) ಎಂಬ ದೋಷಚಿಹ್ನೆ ಕೊಡುವಂತೆ ಬರೆಯಬೇಕು. ಚಿತ್ರದ ಸೆಲೆಕ್ಟ್ ಡೇಟಾ ಒಳಗೆ ಹಿಡನ್ ಆ್ಯಂಡ್ ಎಂಪ್ಟಿ ಸೆಲ್ಸ್ ತೆರೆದು ಗ್ಯಾಪ್ಸ್ ಆಯ್ದುಕೊಳ್ಳಬೇಕು, ಎನ್‌ಎಯನ್ನು ಖಾಲಿ ಕೋಶವೆಂದೇ ತೋರಿಸು ಎಂಬ ಆಯ್ಕೆಗೂ ಅಲ್ಲೇ ಗುರುತು ಹಾಕಬೇಕು. ಪಟ್ಟಿಯಲ್ಲಿ ಆ ಕೋಶ ‘ವರದಿ ಇಲ್ಲ’ ಎಂದು ತೋರಿಸುವಂತೆ ಸೂತ್ರ, ತಿಳಿ ಬೂದು ಬಣ್ಣಕ್ಕೆ ತಿರುಗುವಂತೆ ಕಂಡೀಶನಲ್ ಫಾರ್ಮ್ಯಾಟಿಂಗ್ ಇರಬೇಕು. ತಾಲ್ಲೂಕಿನ ಸರಾಸರಿಯ ಪಕ್ಕದಲ್ಲಿ ಎಷ್ಟು ಮಾಪಕಗಳ ಲೆಕ್ಕ ಎಂಬುದೂ ಬರಲಿ: 8ರಲ್ಲಿ 5. ಜೂನ್ 1ರಿಂದ ಒಟ್ಟು ಮಳೆ ತೋರಿಸುವಾಗ ನಡುವೆ ದಿನ ತಪ್ಪಿದ್ದರೆ ಮೊತ್ತಕ್ಕೆ ನಕ್ಷತ್ರ ಹಾಕಿ ‘3 ದಿನದ ವರದಿ ಸೇರಿಲ್ಲ’ ಎಂದು ತಾನಾಗಿ ಬರುವಂತೆ ಮಾಡಬಹುದು. ಇದನ್ನು ಒಂದು ಸಲ ಟೆಂಪ್ಲೇಟಿನಲ್ಲಿ ಕೂರಿಸಲು ಅರ್ಧ ದಿನದ ಕೆಲಸ. ಪ್ರತಿ ತಿಂಗಳು ಕೈಯಿಂದ ಮಾಡುವವರು ಒಂದಲ್ಲ ಒಂದು ದಿನ ಮರೆಯುತ್ತಾರೆ, ಮರೆಯುವುದು ಅವಸರದ ದಿನವೇ.

ಅಡಿಕೆ ಧಾರಣೆಗೂ ಇದೇ ಮಾತು. ಮಾರುಕಟ್ಟೆ ರಜೆಯ ದಿನ, ಆವಕ ಇಲ್ಲದ ದಿನ ಗೆರೆ ತುಂಡಾಗಬೇಕೇ ಹೊರತು ಸೊನ್ನೆಗೆ ಬೀಳಬಾರದು. ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚಿನ ಮಾಲು ಮಾರಾಟವಾದ ಬೆಲೆ) ಎಂದು ಮೂರು ಬರುತ್ತವೆ. ಗೆರೆ ಎಳೆಯಬೇಕಾದ್ದು ಮಾದರಿ ಬೆಲೆಗೆ, ಕನಿಷ್ಠದಿಂದ ಗರಿಷ್ಠದವರೆಗೆ ಹಿಂದೆ ತಿಳಿ ಪಟ್ಟೆ. ಗರಿಷ್ಠವನ್ನೇ ದೊಡ್ಡದಾಗಿ ತೋರಿಸಿದರೆ ಒಂದೆರಡು ಒಳ್ಳೆಯ ಮೂಟೆಯ ಬೆಲೆ ಇಡೀ ಮಂಡಿಯ ಬೆಲೆಯಂತೆ ಕಾಣುತ್ತದೆ, ತೋಟದವರು ಮನೆಯಲ್ಲಿ ಮಾಲು ಇಟ್ಟುಕೊಂಡು ಲೆಕ್ಕ ತಪ್ಪುತ್ತಾರೆ.

ಇನ್ನು ಬಣ್ಣ. ರಾಶಿ, ಬೆಟ್ಟೆ, ಸರಕು, ಗೊರಬಲು ಈ ನಾಲ್ಕು ಬಗೆಯ ಅಡಿಕೆಗೆ ನಾಲ್ಕು ಬಣ್ಣ ಗೊತ್ತುಮಾಡಿದರೆ ಅದು ಎಲ್ಲ ಪುಟಗಳಲ್ಲೂ, ಎಲ್ಲ ವರ್ಷಗಳಲ್ಲೂ ಅದೇ. ಎಕ್ಸೆಲ್ ತಾನಾಗಿ ಬಣ್ಣ ಕೊಡುವುದು ಹೆಸರು ನೋಡಿ ಅಲ್ಲ, ಸಾಲಿನ ಸರದಿ ನೋಡಿ. ಮೊದಲನೆಯ ಸಾಲು ಇಲ್ಲದೆ ಚಿತ್ರ ಮಾಡಿದರೆ ಎರಡನೆಯದಕ್ಕೆ ಅದರ ಬಣ್ಣ ಬರುತ್ತದೆ, ಓದುಗರು ಬೆಟ್ಟೆಯನ್ನು ರಾಶಿ ಎಂದು ಓದುತ್ತಾರೆ. ಆದ್ದರಿಂದ ಮಾಲು ಬರದಿದ್ದರೂ ಸಾಲನ್ನು ಅಳಿಸದೆ ಖಾಲಿಯಾಗಿ ಬಿಡುವುದು ಟೆಂಪ್ಲೇಟಿನ ನಿಯಮವಾಗಬೇಕು. ಕೆಂಪು ಹಸಿರು ಗುರುತಿಸಲಾಗದ ಕಣ್ಣಿಗೂ ಬೇರೆಬೇರೆಯಾಗಿ ಕಾಣುವ ನಾಲ್ಕನ್ನು ಹೇಳುತ್ತೇವೆ, ಕೆಂಪು, ಹಸಿರು, ನೀಲಿ ಪ್ರಮಾಣದಲ್ಲಿ: ನೀಲಿಗೆ 0, 114, 178, ಕಿತ್ತಳೆಗೆ 230, 159, 0, ನೀಲಿಹಸಿರಿಗೆ 0, 158, 115, ಇಟ್ಟಿಗೆಗೆಂಪಿಗೆ 213, 94, 0. ಇವು ಗುರುತಿನ ಬಣ್ಣಗಳು. ಎಚ್ಚರಿಕೆಯ ಬಣ್ಣಗಳ ಕುಟುಂಬವೇ ಬೇರೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕನ್ನು ಹವಾಮಾನ ಇಲಾಖೆ ಮುನ್ನೆಚ್ಚರಿಕೆಗೆ ಬಳಸುತ್ತದೆ. ರೆಡ್ ಅಲರ್ಟ್ ಎಂದರೆ ಏನೆಂದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಹಾಗಾಗಿ ಮಳೆಯ ಪುಟದಲ್ಲಿ ಈ ನಾಲ್ಕು ಬಣ್ಣ ಮುನ್ನೆಚ್ಚರಿಕೆಯ ಚೌಕದಲ್ಲಿ ಬಿಟ್ಟು ಬೇರೆಲ್ಲೂ ಬರಬಾರದು, ತಾಲ್ಲೂಕಿಗಂತೂ ಕೂಡದು. ಮಳೆಯ ಪ್ರಮಾಣಕ್ಕೆ ತಿಳಿನೀಲಿಯಿಂದ ಕಡುನೀಲಿಗೆ ಹೋಗುವ ಒಂದೇ ಬಣ್ಣದ ಐದು ಮೆಟ್ಟಿಲು ಸಾಕು. ಏರಿಳಿತಕ್ಕೆ ಬಣ್ಣದ ಜೊತೆ ▲ ▼ ಗುರುತೂ ಇರಲಿ, ಏಕೆಂದರೆ ಪಂಚಾಯಿತಿ ಗೋಡೆಗೆ ಅಂಟುವ ಪ್ರತಿ ಕಪ್ಪು ಬಿಳುಪಿನದು.

ಅಕ್ಷರದ ವಿಷಯ ಕನ್ನಡದವರಿಗೇ ವಿಶೇಷ. ತಂತ್ರಾಂಶದ ಜೊತೆ ಬರುವ ಸಿದ್ಧ ವಿನ್ಯಾಸಗಳು ಇಂಗ್ಲಿಷ್ ಅಳತೆಗೆ ಕಟ್ಟಿದವು. ಅದರೊಳಗೆ ‘ತೀರ್ಥಹಳ್ಳಿ’ ಬರೆದರೆ ಒತ್ತಕ್ಷರದ ಬುಡ ಚೌಕಟ್ಟಿಗೆ ತಾಗಿ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರಲಿ, ಕಾರ್ಡಿನ, ಅಂದರೆ ಒಂದು ಅಂಕಿಯನ್ನು ದೊಡ್ಡದಾಗಿ ತೋರಿಸುವ ಚೌಕದ, ಕೆಳಗೆ ಕನಿಷ್ಠ 8 ಪಿಕ್ಸೆಲ್ ಜಾಗ ಬಿಡಿ. ಪುಟದ ಶೀರ್ಷಿಕೆ 20, ಕಾರ್ಡಿನ ಅಂಕಿ 28, ಅದರ ಹೆಸರು 12, ಅಕ್ಷದ ಅಕ್ಷರ 11 ಪಾಯಿಂಟ್ ಎಂದು ನಾಲ್ಕೇ ಗಾತ್ರ ಇಟ್ಟುಕೊಂಡರೆ ಪುಟ ತಾನೇ ಹದಕ್ಕೆ ಬರುತ್ತದೆ. ವಿಂಡೋಸ್‌ನ ಒಂದು ಕನ್ನಡ ಫಾಂಟಿಗೆ ನಮ್ಮ ಹೊಳೆಯದೇ ಹೆಸರು, ತುಂಗಾ. ಆದರೆ ಅದು ಎಲ್ಲ ಫೋನಿನಲ್ಲೂ ಇರುವುದಿಲ್ಲ, ಇಲ್ಲದ ಕಡೆ ಬೇರೆ ಫಾಂಟ್ ಬಂದು ಅಗಲ ಬದಲಾಗುತ್ತದೆ. ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡವನ್ನು ಎಲ್ಲ ಕಂಪ್ಯೂಟರಿಗೂ ಹಾಕಿಕೊಳ್ಳುವುದು ಸುಲಭ.

ಫಾಂಟಿಗಿಂತ ದೊಡ್ಡ ತಲೆನೋವು ಹೆಸರು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ‘ಸಾಗರ’ ಕಣ್ಣಿಗೆ ಸಾಗರವೇ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡಿನ ‘ಸಾಗರ’ದ ಜೊತೆ ಅದು ಎಂದೂ ಹೊಂದುವುದಿಲ್ಲ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಅದಕ್ಕೂ ಹಿಂದಿನ ಇಂಗ್ಲಿಷ್ ಕಡತಗಳಲ್ಲಿ ಶಿಮೊಗ ಎಂದಿದೆ. ಇವನ್ನೆಲ್ಲ ಹೆಸರಿನಿಂದ ಜೋಡಿಸಲು ಹೋದರೆ ಪ್ರತಿ ಸಲ ಒಂದು ತಾಲ್ಲೂಕು ಉದುರುತ್ತದೆ. ಜೋಡಿಸಬೇಕಾದ್ದು ಸಂಕೇತ ಸಂಖ್ಯೆಯಿಂದ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗೌರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆಯಿಂದ ಹಳ್ಳಿಯವರೆಗೆ ಪ್ರತಿಯೊಂದಕ್ಕೂ ಸಂಖ್ಯೆ ಇದೆ. ಅದನ್ನು ಮೊದಲ ಕಂಬಸಾಲಿನಲ್ಲಿ (ಕಾಲಂ) ಇಟ್ಟು, ತೋರಿಸುವ ಕನ್ನಡ ಹೆಸರನ್ನು ಒಂದೇ ಒಂದು ಪಟ್ಟಿಯಿಂದ ತರಿಸಬೇಕು. ಹೆಸರಿನ ಕಾಗುಣಿತ ತಿದ್ದಬೇಕಾದರೂ ಆಗ ಒಂದೇ ಕಡೆ ತಿದ್ದಿದರೆ ಆಯಿತು.

ಕೋಟಿ ಲಕ್ಷದ ಅಲ್ಪವಿರಾಮಕ್ಕೆ ಎಕ್ಸೆಲ್‌ನ ಕಸ್ಟಮ್ ಫಾರ್ಮ್ಯಾಟಿನಲ್ಲಿ ಇದನ್ನು ಹಾಕಿ: [>=10000000]##\,##\,##\,##0;[>=100000]##\,##\,##0;##,##0. ಇದರಲ್ಲೊಂದು ಕೊರತೆ ಇದೆ. ಷರತ್ತು ಎರಡಕ್ಕೇ ಜಾಗ ಇರುವುದರಿಂದ ಋಣ ಸಂಖ್ಯೆಗಳು ಮೂರನೆಯ ಭಾಗಕ್ಕೆ ಬಿದ್ದು ಮಿಲಿಯನ್ ಪದ್ಧತಿಯ ಅಲ್ಪವಿರಾಮ ಪಡೆಯುತ್ತವೆ. ವ್ಯತ್ಯಾಸ ತೋರಿಸುವ ಕಂಬಸಾಲಿಗೆ ಬೇರೆ ಫಾರ್ಮ್ಯಾಟ್ ಬೇಕು.

ಪುಟದ ಜಾಗ ಹಂಚುವುದು ಸುಲಭ ಲೆಕ್ಕ. ಅಗಲ 1280, ಎತ್ತರ 720 ಪಿಕ್ಸೆಲ್. ಎರಡೂ ಬದಿ 24 ಅಂಚು ಬಿಟ್ಟರೆ 1232 ಉಳಿಯುತ್ತದೆ. ಅದನ್ನು 88ರ ಹನ್ನೆರಡು ಪಟ್ಟಿ ಮಾಡಿ, ನಡುವೆ 16ರ ಹನ್ನೊಂದು ಸಂದು ಬಿಟ್ಟರೆ ಸರಿಯಾಗಿ ಕೂರುತ್ತದೆ. ಮೂರು ಪಟ್ಟಿಯ ಕಾರ್ಡಿಗೆ 296 ಅಗಲ, ಮೇಲಿನ ಸಾಲಿಗೆ ಅಂಥವು ನಾಲ್ಕು. ನಾಲ್ಕಕ್ಕಿಂತ ಹೆಚ್ಚು ಕಾರ್ಡ್ ಬೇಕೆನಿಸಿದರೆ ಅದು ಇನ್ನೊಂದು ಪುಟಕ್ಕೆ ಸೇರಿದ ವಿಷಯ ಎಂದು ತಿಳಿಯಬೇಕು. ಕೆಳಗೆ ಎಡಕ್ಕೆ ಎಂಟು ಪಟ್ಟಿಯಲ್ಲಿ ದಿನದಿನದ ಗೆರೆ, ಬಲಕ್ಕೆ ನಾಲ್ಕು ಪಟ್ಟಿಯಲ್ಲಿ ತಾಲ್ಲೂಕುವಾರು ಅಡ್ಡ ಕಂಬ. ಕನ್ನಡ ಹೆಸರುಗಳು ಉದ್ದ, ನಿಂತ ಕಂಬದ ಬುಡದಲ್ಲಿ ಓರೆಯಾಗಿ ತಿರುಗಿ ಓದಲಾಗುವುದಿಲ್ಲ. ಅಡ್ಡ ಕಂಬವಾದರೆ ಆ ತೊಂದರೆ ಇಲ್ಲ.

ಈ ಪುಟವನ್ನೇ ಚಿತ್ರ ಮಾಡಿ ಫೋನಿಗೆ ಕಳಿಸುವುದು ಮಾತ್ರ ಬೇಡ. 360ರ ಅಗಲದ ಪರದೆಗೆ 1280 ಕುಗ್ಗಿದರೆ ಮೂರೂವರೆ ಪಟ್ಟು ಚಿಕ್ಕದಾಗುತ್ತದೆ, 14 ಪಿಕ್ಸೆಲ್‌ನ ಅಕ್ಷರ 4ಕ್ಕೆ ಇಳಿಯುತ್ತದೆ. ಒಂದರ ಕೆಳಗೊಂದು ಕಾರ್ಡ್ ಬರುವ 360 ಅಗಲದ ಎರಡನೇ ವಿನ್ಯಾಸವೂ ಟೆಂಪ್ಲೇಟಿನಲ್ಲೇ ಇರಬೇಕು. ಹಿನ್ನೀರಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಚಿತ್ರ 200 ಕೆಬಿ ಮೀರದಿರಲಿ.

ಕಾಲದ ಲೆಕ್ಕವೂ ಅಚ್ಚಿನ ಭಾಗ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಆ ಕಾಯಿಲೆಯ ಕಾಲ ಚಳಿಗಾಲದಲ್ಲಿ ಶುರುವಾಗಿ ಮುಂಗಾರಿನ ಹೊತ್ತಿಗೆ ಮುಗಿಯುತ್ತದೆ. ಜನವರಿಯಿಂದ ಡಿಸೆಂಬರ್ ಚಿತ್ರ ಮಾಡಿದರೆ ಒಂದೇ ಹಾವಳಿ ಎರಡು ವರ್ಷಕ್ಕೆ ಹರಿದುಹೋಗಿ ಎರಡೂ ಸಣ್ಣದಾಗಿ ಕಾಣುತ್ತದೆ. ಮಳೆಗೆ ವರ್ಷ ಜೂನ್ 1ರಿಂದ, ಅನುದಾನಕ್ಕೆ ಏಪ್ರಿಲ್ 1ರಿಂದ, ಮಂಗನ ಕಾಯಿಲೆಗೆ ನವೆಂಬರ್ 1ರಿಂದ. ದಿನಾಂಕಗಳ ಒಂದು ಪಟ್ಟಿ ಮಾಡಿ ಪ್ರತಿ ದಿನದ ಎದುರು ಈ ಮೂರು ವರ್ಷಗಳನ್ನೂ ಬರೆದಿಟ್ಟರೆ ಯಾವ ಪುಟಕ್ಕೆ ಯಾವ ವರ್ಷ ಬೇಕೋ ಅದನ್ನು ಎತ್ತಿಕೊಳ್ಳಬಹುದು. ರೋಗಿಗಳ ಸಂಖ್ಯೆ ಚಿಕ್ಕದಿದ್ದಾಗ ಶೇಕಡಾವಾರು ಏರಿಕೆ ತೋರಿಸಬಾರದು ಎಂದೂ ನಿಯಮ ಇರಲಿ. ಎರಡು ಇದ್ದದ್ದು ನಾಲ್ಕಾದರೆ ಎರಡಿತ್ತು, ನಾಲ್ಕಾಯಿತು ಎನ್ನಬೇಕು; ಶೇ 100 ಏರಿಕೆ ಎಂದರೆ ಊರು ಹೆದರುತ್ತದೆ.

ಕೊನೆಗೆ ಕಡತದ ವಿಚಾರ. ಹೆಚ್ಚಿನವರು ಹೋದ ತಿಂಗಳ ಫೈಲನ್ನೇ ತೆರೆದು ಬೇರೆ ಹೆಸರಲ್ಲಿ ಉಳಿಸಿ ಅಂಕಿ ತಿದ್ದುತ್ತಾರೆ. ತಿದ್ದದೆ ಉಳಿದ ನಾಲ್ಕು ಹಳೆಯ ಅಂಕಿ ಹೊಸ ತಿಂಗಳ ಹೆಸರಲ್ಲಿ ಹೊರಡುವುದು ಹೀಗೆಯೇ. ಹಾಳೆಯನ್ನು ಮಾತ್ರ ಬೇರೆ ಫೈಲಿಗೆ ನಕಲಿಸಿದರೂ ಸೂತ್ರಗಳು ಹಳೆಯ ಫೈಲಿನ ಕಡೆಗೇ ಕೈ ಚಾಚಿಕೊಂಡಿರುತ್ತವೆ. ಎಕ್ಸೆಲ್‌ನಲ್ಲಿ ಸೇವ್ ಆ್ಯಸ್ ಮಾಡುವಾಗ ಬಗೆಯನ್ನು ಟೆಂಪ್ಲೇಟ್ ಎಂದು ಆರಿಸಿದರೆ, ಅದನ್ನು ಎರಡು ಸಲ ಒತ್ತಿ ತೆರೆದಾಗಲೆಲ್ಲ ಹೆಸರಿಲ್ಲದ ಹೊಸ ಪ್ರತಿ ಬರುತ್ತದೆ, ಮೂಲ ಕೆಡುವುದಿಲ್ಲ. ಒಳಗೆ ಮೂರು ಹಾಳೆ: ದತ್ತಾಂಶ, ಲೆಕ್ಕ, ನೋಟ. ದತ್ತಾಂಶದಲ್ಲಿ ತಿಂಗಳನ್ನು ಅಡ್ಡಡ್ಡ ಹರಡದೆ ದಿನಾಂಕ, ಸಂಕೇತ, ಅಂಶ, ಮೌಲ್ಯ ಎಂದು ಉದ್ದಕ್ಕೆ ಇಳಿಸಿ ಟೇಬಲ್ ಮಾಡಬೇಕು, ಒಂದು ಕೋಶವನ್ನೂ ಮರ್ಜ್ ಮಾಡಬಾರದು. ಮೈಕ್ರೋಸಾಫ್ಟ್‌ನ ಪವರ್ ಬಿಐ ಎಂಬ ತಂತ್ರಾಂಶ ಬಳಸುವವರಿಗೆ ಬಣ್ಣ, ಅಕ್ಷರಗಳ ಜೇಸನ್ ಥೀಮ್ ಫೈಲ್ ಒಂದು, ಪುಟ ಮತ್ತು ದತ್ತಾಂಶ ಜೋಡಣೆಯ ಟೆಂಪ್ಲೇಟ್ ಫೈಲ್ ಇನ್ನೊಂದು. ಎರಡನೆಯದರಲ್ಲಿ ಪುಟ, ದತ್ತಾಂಶ ತರಿಸುವ ಕ್ವೆರಿ ಎಲ್ಲ ಇರುತ್ತದೆ, ದತ್ತಾಂಶ ಮಾತ್ರ ಇರುವುದಿಲ್ಲ. ಅಲ್ಲಿ ಜನ ಎಡವುವ ಕಡೆ ಒಂದಿದೆ: ಯಾವುದಾದರೂ ಚಿತ್ರಕ್ಕೆ ಕೈಯಿಂದ ಬಣ್ಣ ಕೊಟ್ಟಿದ್ದರೆ ಆಮೇಲೆ ಥೀಮ್ ಬದಲಿಸಿದರೂ ಆ ಚಿತ್ರ ಬದಲಾಗುವುದಿಲ್ಲ. ಮೊದಲು ಅದನ್ನು ಡಿಫಾಲ್ಟ್‌ಗೆ ಮರಳಿಸಬೇಕು.

ಪುಟದ ಅಡಿಯಲ್ಲಿ ‘ಕೊನೆಯ ದತ್ತಾಂಶ’ ಎಂಬ ದಿನಾಂಕಕ್ಕೆ ಟುಡೇ ಸೂತ್ರ ಹಾಕುವುದು ಬಹಳ ಕಡೆ ಕಾಣುತ್ತದೆ. ಅದು ಫೈಲ್ ತೆರೆದ ದಿನವನ್ನು ಹೇಳುತ್ತದೆ. ವಾರದಿಂದ ಅಂಕಿ ಬರದಿದ್ದರೂ ಇಂದಿನದೆಂದು ತೋರುತ್ತದೆ. ಅಂಕಿ ಬಂದಿರುವ ಸಾಲುಗಳ ದಿನಾಂಕದಲ್ಲಿ ಕೊನೆಯದನ್ನು (ಮ್ಯಾಕ್ಸ್) ಹಾಕಬೇಕು.

ಅಚ್ಚನ್ನು ಬಳಕೆಗೆ ಬಿಡುವ ಮುಂಚೆ ಸುಳ್ಳು ಅಂಕಿ ತುಂಬಿ ನೋಡಿ: ಒಂದು ತಾಲ್ಲೂಕು ಪೂರ್ತಿ ಖಾಲಿ, ಒಂದರಲ್ಲಿ ನಿಜವಾದ ಸೊನ್ನೆ, ಒಂದು ದಿನ 400 ಮಿ.ಮೀ., ಒಂದು ಋಣ ಸಂಖ್ಯೆ, ಜಿಲ್ಲೆಯಲ್ಲೇ ಅತಿ ಉದ್ದದ ಹೋಬಳಿ ಹೆಸರು. ಕಪ್ಪು ಬಿಳುಪಿನಲ್ಲಿ ಒಂದು ಪ್ರತಿ ತೆಗೆಯಿರಿ. ಬದಲಾವಣೆ ಮಾಡುವ ಅಧಿಕಾರ ಒಬ್ಬರಿಗೇ ಇರಲಿ, ಪ್ರತಿ ಬದಲಾವಣೆಗೂ ಆವೃತ್ತಿ ಸಂಖ್ಯೆ ಮತ್ತು ತಾರೀಕು ಬರೆದಿಡಲಿ. ಬದಲಾಯಿಸುವುದಾದರೆ ಏಪ್ರಿಲ್, ಮೇನಲ್ಲಿ. ಜೂನ್ 1ರ ನಂತರ ಅಕ್ಷಕ್ಕೂ ಬಣ್ಣಕ್ಕೂ ಕೈ ಹಾಕಬಾರದು.

ಜಿಲ್ಲೆಯ ಕಚೇರಿಗಳೆಲ್ಲ ಸೇರಿ ಒಂದು ಅಚ್ಚು ಒಪ್ಪಿಕೊಳ್ಳಲು ಸಮಯ ಹಿಡಿಯಬಹುದು. ನಿಮ್ಮ ಪತ್ರಿಕೆ ಅದಕ್ಕಾಗಿ ಕಾಯಬೇಕಿಲ್ಲ. ಜಿಲ್ಲಾ ಪುಟದ ಮಳೆ ಪಟ್ಟಿಯಲ್ಲಿ ವರದಿ ಬಾರದ ಕೇಂದ್ರದ ಎದುರು ನಾಳೆಯಿಂದಲೇ 0 ತೆಗೆದು ‘ವರದಿ ಇಲ್ಲ’ ಎಂದು ಹಾಕಿ, ಪಟ್ಟಿಯ ಕೆಳಗೆ ‘ಬೆಳಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆ’ ಎಂದು ಒಂದು ಸಾಲು ಸೇರಿಸಿ, ಲಿಂಗನಮಕ್ಕಿ ಮತ್ತು ಭದ್ರಾದ ಅಡಿಯ ಪಕ್ಕ ಸಂಗ್ರಹದ ಶೇಕಡಾವಾರನ್ನೂ ಕೊಡಿ ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ಡ್ಯಾಶ್‌ಬೋರ್ಡ್ ಕಟ್ಟುವ ಕೆಲಸದಲ್ಲಿರುವ ಓದುಗರು
ಶಿವಮೊಗ್ಗ